ಸನ್ಮಾನ ಮುಗಿದ ಮೇಲೆ ಪೈಲ್ವಾನ್ ಎಲ್ಲಿಗೆ ಹೋಗಬೇಕು?

[ದೃಶ್ಯ: ಎರಡು ಕಿವಿಗಳ ಫೋಟೊ, ಪಕ್ಕಪಕ್ಕದಲ್ಲಿ]

ನಮಸ್ಕಾರ. ಆಟ ಬಿಟ್ಟ ಮೇಲೆ ಪೈಲ್ವಾನರ ಮೈಗೂ ಮನಸ್ಸಿಗೂ ಏನಾಗುತ್ತದೆ ಅನ್ನೋದು ಇವತ್ತಿನ ಮಾತು. ಮೊದಲು ಈ ಎರಡು ಕಿವಿ ನೋಡಿ. ಎರಡೂ ಮುರುಟಿಕೊಂಡಿವೆ, ಒಳಗಿನ ಸುರುಳಿಯೇ ಕಾಣುವುದಿಲ್ಲ. ಒಂದು ರಗ್ಬಿ ಆಡುತ್ತಿದ್ದವರದು, ಇನ್ನೊಂದು ನಮ್ಮ ದಾವಣಗೆರೆ ಪೈಲ್ವಾನರದು. ಯಾವುದು ಯಾರದು ಹೇಳಿ ನೋಡೋಣ. ಆಗಲ್ಲ, ಅಲ್ವಾ? ಪದೇ ಪದೇ ಉಜ್ಜಿ, ಪೆಟ್ಟು ಬಿದ್ದು, ಚರ್ಮಕ್ಕೂ ಒಳಗಿನ ಮೆದು ಎಲುಬಿಗೂ ನಡುವೆ ರಕ್ತ ತುಂಬಿಕೊಳ್ಳುತ್ತದೆ. ಬೇಗ ಡಾಕ್ಟರ್ ಹತ್ತಿರ ಹೋಗಿ ತೆಗೆಸಿದರೆ ಸರಿ. ಬಿಟ್ಟರೆ ಅಲ್ಲೇ ಗಟ್ಟಿಯಾಗಿ ಹೀಗೆ ಕೂತುಬಿಡುತ್ತದೆ. ಆದರೆ ತೆಗೆಸುವವರು ಅಲ್ಲೂ ಕಮ್ಮಿ, ಇಲ್ಲೂ ಕಮ್ಮಿ. ನೋವು ಹೇಳಿಕೊಳ್ಳಬಾರದು ಅನ್ನೋ ಪಾಠ ಇಲ್ಲಿಂದಲೇ ಶುರುವಾಗುತ್ತದೆ.

ರಗ್ಬಿ ಗೊತ್ತಿಲ್ಲದವರಿಗೆ ಎರಡೇ ಮಾತು. ಮೊಟ್ಟೆ ಆಕಾರದ ಚೆಂಡು, ಒಂದೊಂದು ತಂಡದಲ್ಲಿ ಹದಿನೈದು ಜನ, 80 ನಿಮಿಷ. ಚೆಂಡು ಹಿಡಿದು ಮುಂದೆ ಓಡಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಓಡುವವನನ್ನು ಕೆಡವಬೇಕು. ಅಷ್ಟೇ. ನಮಗೆ ಸಂಬಂಧವೇ ಇಲ್ಲದ ಆಟ ಅಂತಲೂ ಅಲ್ಲ: ಇಂಗ್ಲೆಂಡ್, ಸ್ಕಾಟ್ಲೆಂಡ್ ಇವತ್ತಿಗೂ ಕಾದಾಡುವ ಕಲ್ಕತ್ತಾ ಕಪ್ ಇದೆಯಲ್ಲ, ಅದು 1878ರಲ್ಲಿ ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚಿದಾಗ ಉಳಿದ ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ್ದು.

ಈಗ ವಿಷಯಕ್ಕೆ ಬರೋಣ. 1995ರ ತನಕ ಈ ಹದಿನೈದು ಜನರ ಆಟದಲ್ಲಿ, ಅಂದರೆ ರಗ್ಬಿ ಯೂನಿಯನ್‌ನಲ್ಲಿ ಆಡಿದ್ದಕ್ಕೆ ಸಂಬಳ ಕೊಡುವ ಹಾಗಿರಲಿಲ್ಲ. ದೇಶಕ್ಕೆ ಆಡುವವನೂ ಸೋಮವಾರ ಬೆಳಗ್ಗೆ ಪೊಲೀಸ್ ಠಾಣೆಗೋ, ಶಾಲೆಗೋ, ಹೊಲಕ್ಕೋ ಹೋಗಬೇಕಿತ್ತು. ಆ ವರ್ಷ ಆಟ ವೃತ್ತಿಪರ ಆಯಿತು. ದುಡ್ಡು ಬಂತು, ಒಳ್ಳೆಯದೇ. ಆದರೆ ಹದಿನೆಂಟಕ್ಕೆ ಕ್ಲಬ್ ಸೇರಿದ ಹುಡುಗನಿಗೆ ಬೇರೆ ಬದುಕೇ ಇಲ್ಲದೆ ಹೋಯಿತು. ಯಾವಾಗ ಏಳಬೇಕು, ಏನು ತಿನ್ನಬೇಕು, ಎಷ್ಟು ಹೊತ್ತು ಮಲಗಬೇಕು ಎಲ್ಲ ಬೇರೆಯವರು ಹೇಳುತ್ತಾರೆ. ಮೂವತ್ತು ದಾಟಿದ ಮೇಲೆ ಒಂದಿನ ಮಂಡಿ ಕೈಕೊಡುತ್ತದೆ, ಕ್ಲಬ್‌ನವರು ಥ್ಯಾಂಕ್ಸ್ ಹೇಳಿ ಕಳಿಸುತ್ತಾರೆ. ಮಾರನೇ ದಿನ ಬೆಳಗ್ಗೆ ಏಳಲು ಕಾರಣವೇ ಇರುವುದಿಲ್ಲ.

ನಮ್ಮೂರಲ್ಲೂ ಹೀಗೇ ಆಗಿದೆ ನೋಡಿ. ಹಿಂದೆ ಗರಡಿಗೆ ಬರುವವರು ಹತ್ತಿ ಮಿಲ್ಲಿನಲ್ಲೋ, ಅಕ್ಕಿ ಗಿರಣಿಯಲ್ಲೋ ದುಡಿದು, ಉಳಿದ ಹೊತ್ತಲ್ಲಿ ಸಾಮು ಮಾಡುತ್ತಿದ್ದರು. ಈಗ ಚಿಕ್ಕ ವಯಸ್ಸಿಗೇ ಕುಸ್ತಿ ಹಾಸ್ಟೆಲ್. ಪೊಲೀಸಲ್ಲೋ ರೈಲ್ವೆಯಲ್ಲೋ ಕೆಲಸ ಸಿಕ್ಕಿದವನು ಬಚಾವ್. ಸಿಗದವನು?

ಸಿಗದವನನ್ನು ನೀವೂ ನೋಡಿದ್ದೀರಿ. ದುಗ್ಗಮ್ಮನ ಜಾತ್ರೆ ಕುಸ್ತಿಗೆ ಕರೆಸಿ, ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆದುಕೊಳ್ಳುತ್ತೇವೆ. ಜಾತ್ರೆ ಇರುವುದು ಎರಡು ವರ್ಷಕ್ಕೊಮ್ಮೆ. ಉಳಿದ ದಿನ ಅವರು ಹೋಟೆಲ್ ಮುಂದಿನ ಕಟ್ಟೆ ಮೇಲೆ ಕೂತಿರುತ್ತಾರೆ. ಏಳುವಾಗ ಮೊದಲು ಎರಡೂ ಅಂಗೈ ತೊಡೆಗೆ ಊರಿ, ಒಂದು ಕ್ಷಣ ತಡೆದು, ಆಮೇಲೆ ಮೈ ಎತ್ತುತ್ತಾರೆ. "ಪೈಲ್ವಾನ್ರೇ, ಆರಾಮಾ?" ಅಂದರೆ "ಹ್ಞೂಂ, ಆರಾಮು" ಅಂತಾರೆ. ಮುಗೀತು. ಇಪ್ಪತ್ತು ವರ್ಷದಿಂದ ಇದೇ ಮಾತುಕತೆ.

[ದೃಶ್ಯ: ಹಾಲು, ಬಾದಾಮಿ, ತುಪ್ಪ]

ಮೈಯೊಳಗೆ ಏನಾಗುತ್ತದೆ ಅಂದರೆ, ಸಾಮು ನಿಲ್ಲುತ್ತದೆ, ಖುರಾಕು ನಿಲ್ಲುವುದಿಲ್ಲ. ಊಟ ಮಾಡಿದಾಗ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲು ಹೀರಿಕೊಳ್ಳುವುದು ಮಾಂಸಖಂಡ. ಅದು ಕರಗುತ್ತಾ ಬಂದ ಹಾಗೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಬಿಪಿ ಏರುತ್ತದೆ. ಹಳೇ ಮೈಕಟ್ಟು ನೋಡಿ ಮನೆಯವರು "ಅವರಿಗೇನು, ಗಟ್ಟಿ ಆಳು" ಅಂದುಕೊಂಡಿರುತ್ತಾರೆ. ತೂಕದ ಲೆಕ್ಕ ಬಿಡಿ, ಹೊಕ್ಕಳ ಮಟ್ಟದಲ್ಲಿ ಟೇಪ್ ಹಿಡಿಯಿರಿ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಲೇಬೇಕು.

ತಲೆಗೆ ಬೀಳುವ ಏಟಿನ ಕಥೆ ಬೇರೆ. ಸ್ಟೀವ್ ಥಾಂಪ್ಸನ್ ಅಂತ ಒಬ್ಬರು, 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದವರು. 2020ರಲ್ಲಿ, 42ನೇ ವಯಸ್ಸಿಗೆ, ತಮಗೆ ಮರೆವಿನ ಕಾಯಿಲೆ ಬಂದಿದೆ ಅಂತ ಹೇಳಿಕೊಂಡರು. ಆ ವಿಶ್ವಕಪ್ ಗೆದ್ದದ್ದೇ ಅವರಿಗೆ ನೆನಪಿಲ್ಲ. ಸ್ಕಾಟ್ಲೆಂಡ್‌ನಲ್ಲಿ 412 ಮಾಜಿ ಅಂತಾರಾಷ್ಟ್ರೀಯ ಆಟಗಾರರ ದಾಖಲೆ ತೆಗೆದು ನೋಡಿದಾಗ, ಮಿದುಳು ಸವೆಯುವ ಕಾಯಿಲೆಗಳು ಅವರಲ್ಲಿ ಬೇರೆಯವರಿಗಿಂತ ಸುಮಾರು ಎರಡೂವರೆ ಪಟ್ಟು ಜಾಸ್ತಿ ಕಂಡವು. ಕುಸ್ತಿಯಲ್ಲಿ ಓಡಿ ಬಂದು ತಲೆ ಗುದ್ದುವುದಿಲ್ಲ, ಹಾಗಾಗಿ ಈ ಲೆಕ್ಕವನ್ನು ನಮ್ಮವರ ಮೇಲೆ ಹೊರಿಸಬೇಡಿ. ಆದರೆ ತಲೆ ನೆಲಕ್ಕೆ ಬಡಿದ ಹುಡುಗ ಅದೇ ದಿನ ಮತ್ತೆ ಆಡಬಾರದು. ಕಬಡ್ಡಿಗೂ ಇದೇ ಮಾತು.

ಇನ್ನು ಮನಸ್ಸಿನ ವಿಷಯ. ನ್ಯೂಜಿಲೆಂಡಿನ ಜಾನ್ ಕಿರ್ವನ್ 1987ರಲ್ಲಿ ಮೊದಲ ರಗ್ಬಿ ವಿಶ್ವಕಪ್ ಗೆದ್ದ ತಂಡದ ಹೀರೋ. ಎದುರು ತಂಡದವರನ್ನೆಲ್ಲ ದಾಟಿಕೊಂಡು ಅವರು ಓಡಿದ ಓಟವನ್ನು ಅಲ್ಲಿನ ಜನ ಇನ್ನೂ ಹೇಳುತ್ತಾರೆ. ಹೊರಗೆ ಹೆಸರು, ಒಳಗೆ ಖಿನ್ನತೆ, ಅದೂ ಆಡುತ್ತಿರುವಾಗಲೇ. ಆಮೇಲೆ ಅವರೇ ಟಿವಿ ಜಾಹೀರಾತಿನಲ್ಲಿ ಬಂದು ನನಗೆ ಹೀಗಾಗಿತ್ತು ಅಂದರು. 2012ರಲ್ಲಿ ಅವರಿಗೆ 'ಸರ್' ಪದವಿ ಬಂತು, ಅದರಲ್ಲಿ ರಗ್ಬಿ ಜೊತೆ ಮಾನಸಿಕ ಆರೋಗ್ಯದ ಕೆಲಸವನ್ನೂ ಹೆಸರಿಸಿದ್ದಾರೆ. ನಮ್ಮಲ್ಲಿ ಇಂಥ ಮಾತು ಒಬ್ಬ ಪೈಲ್ವಾನ್ ವೇದಿಕೆ ಮೇಲೆ ಹೇಳಿದರೆ? ಹಿಂದಿನ ಸಾಲಲ್ಲಿ ಯಾರಾದರೂ ಕಿಸಕ್ ಅಂತ ನಗುತ್ತಾರೆ. ಆ ನಗುವವನ ಮೇಲೆ ನನಗೆ ಸಿಟ್ಟಿದೆ.

ಗಂಡಸರಲ್ಲಿ ಖಿನ್ನತೆ ಅಂದರೆ ಅಳುತ್ತಾ ಕೂರುವುದು ಅಂತ ಕಾಯಬೇಡಿ. ಸಣ್ಣದಕ್ಕೂ ರೇಗುವುದು, ಸಂಜೆ ಒಂದು ಕ್ವಾರ್ಟರ್ ಇದ್ದದ್ದು ಎರಡಾಗುವುದು, ನಡುರಾತ್ರಿ ಎಚ್ಚರ, ಎಲ್ಲಿ ಅಂತ ಹೇಳಲಾಗದ ಮೈಕೈ ನೋವು. ಬಹಳ ಸಲ ಹೀಗೇ ಕಾಣಿಸುತ್ತದೆ. ದೇಶದಲ್ಲಿ 2022ರಲ್ಲಿ 1.7 ಲಕ್ಷ ಜನ ಆತ್ಮಹತ್ಯೆ ಮಾಡಿಕೊಂಡರು, ಅವರಲ್ಲಿ ಹತ್ತಕ್ಕೆ ಏಳು ಜನ ಗಂಡಸರು.

ನನ್ನ ಅಭಿಪ್ರಾಯ ಕೇಳಿದರೆ, ಆಟ ಬಿಟ್ಟವರಿಗೆ ಶಾಲಿಗಿಂತ ಮೊದಲು ಸಂಜೆ ಐದಕ್ಕೆ ಹೋಗಲು ಒಂದು ಜಾಗ ಬೇಕು. ಗಂಡಸರು ಎದುರುಬದುರು ಕೂತು ಮಾತಾಡುವುದು ಕಷ್ಟ, ಕೈಯಲ್ಲಿ ಕೆಲಸ ಇದ್ದರೆ ಬಾಯಿ ತಾನಾಗಿ ಬಿಡುತ್ತದೆ. ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ ಇದಕ್ಕೇ ಅಂತ ಶೆಡ್‌ಗಳಿವೆ. ನಿವೃತ್ತ ಗಂಡಸರು ಬಂದು ಮರಗೆಲಸ, ರಿಪೇರಿ ಮಾಡುತ್ತಾ ಹರಟೆ ಹೊಡೆಯುತ್ತಾರೆ. ನಾವು ಹೊಸದಾಗಿ ಶೆಡ್ ಕಟ್ಟಬೇಕಿಲ್ಲ. ಗರಡಿ ಇದೆ. ಹಳಬರು ಬಂದು ಕೆಮ್ಮಣ್ಣು ಹದ ಮಾಡಲಿ, ಹುಡುಗರಿಗೆ ಪಟ್ಟು ಹೇಳಿಕೊಡಲಿ, ಅದಕ್ಕೆ ಕಮಿಟಿಯವರು ತಿಂಗಳಿಗೆ ಏನಾದರೂ ಕೊಡಲಿ. ಸುಮ್ನೆ ಬಂದು ಕೂತರೂ ಆಯಿತು. ಗರಡಿ ದೂರ ಇದ್ದವರು ಕುಂದವಾಡ ಕೆರೆ ಏರಿ ಮೇಲೆ ಒಬ್ಬರನ್ನು ಜೊತೆಗೆ ಕರೆದುಕೊಂಡು ನಡೆಯಿರಿ.

ಕೂತು ಮಾತಾಡಿದರೂ ಮನಸ್ಸು ಹಗುರ ಆಗದಿದ್ದರೆ ಡಾಕ್ಟರ್ ಬೇಕು. 14416, ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಇಡೀ ದಿನ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನಿಸುತ್ತಿದ್ದರೆ ಈ ವಿಡಿಯೋ ಇಲ್ಲೇ ನಿಲ್ಲಿಸಿ, ಮೊದಲು ಆ ನಂಬರಿಗೆ ಮಾಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಬರುತ್ತಾರೆ, ಯಾವ ವಾರ ಅಂತ ಮೊದಲೇ ವಿಚಾರಿಸಿ. ಜಿಲ್ಲಾ ಮಟ್ಟದಲ್ಲಿ ಈ ಚಿಕಿತ್ಸೆ ಕೊಡುವ ಪ್ರಯೋಗ ಮೊದಲು ನಡೆದದ್ದೇ ಪಕ್ಕದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರಿಂದ. ಅಲ್ಲಿಂದ ದೇಶಕ್ಕೆಲ್ಲ ಹೋಯಿತು.

ಏನು ಹೇಳಬೇಕು ಗೊತ್ತಾಗದಿದ್ದರೆ "ನಿದ್ದೆ ಬರ್ತಿಲ್ಲ ಡಾಕ್ಟ್ರೇ" ಅಂತ ಶುರು ಮಾಡಿ, ಉಳಿದದ್ದನ್ನು ಅವರೇ ಕೇಳುತ್ತಾರೆ. ನಿಮ್ಮ ಏರಿಯಾದ ಗರಡಿ ಸಂಜೆ ಎಷ್ಟು ಗಂಟೆಗೆ ತೆಗೆಯುತ್ತಾರೆ, ಹಳಬರನ್ನು ಒಳಗೆ ಬಿಡುತ್ತಾರಾ ಅಂತ ಕಾಮೆಂಟಲ್ಲಿ ಬರೆಯಿರಿ, ಅದನ್ನೆಲ್ಲ ಸೇರಿಸಿ ಒಂದು ಪಟ್ಟಿ ಮಾಡಿ ಹಾಕುತ್ತೇನೆ.