ರೋಮ್‌ಗೆ ಹೋಗುತ್ತದೆ ಎಂದ ಸುರಂಗ

ಕೇಳುಗರೇ, ನಮಸ್ಕಾರ.

1928ರಲ್ಲಿ, ಅಧ್ಯಕ್ಷ ಚುನಾವಣೆಯ ಹೊತ್ತಿಗೆ, ಅಮೆರಿಕದಲ್ಲಿ ಒಂದು ಫೋಟೋ ಕೈಯಿಂದ ಕೈಗೆ ಓಡಾಡಿತು. ಹಾಲೆಂಡ್ ಸುರಂಗದ ಹತ್ತಿರ ನ್ಯೂಯಾರ್ಕಿನ ಗವರ್ನರ್ ಆಲ್ ಸ್ಮಿತ್ ನಿಂತಿದ್ದಾರೆ. ಹಡ್ಸನ್ ನದಿಯಡಿ ಕೊರೆದ ಆ ಸುರಂಗ ಹಿಂದಿನ ವರ್ಷವಷ್ಟೇ ಸಂಚಾರಕ್ಕೆ ತೆರೆದಿತ್ತು. ಹೋಗುವುದು ಆಚೆ ದಡದ ನ್ಯೂಜೆರ್ಸಿಗೆ. ಆದರೆ ಫೋಟೋ ಹಂಚಿದವರು ಹೇಳಿದ್ದೇ ಬೇರೆ. ಸ್ಮಿತ್ ಅಧ್ಯಕ್ಷರಾದರೆ ಇದು ಕಡಲಡಿಯಲ್ಲಿ ರೋಮ್‌ವರೆಗೂ ಹೋಗುತ್ತದಂತೆ, ಪೋಪ್ ಬಂದು ಆಳುತ್ತಾರಂತೆ! ನಂಬಿದವರೂ ಇದ್ದರು.

ಸ್ಮಿತ್ ಕ್ಯಾಥೊಲಿಕ್, ಅಂದರೆ ರೋಮ್‌ನ ಪೋಪ್ ಮುಖ್ಯಸ್ಥರಾಗಿರುವ ಚರ್ಚಿನವರು. ಆಗ ಅಮೆರಿಕದಲ್ಲಿ ಹೆಚ್ಚಿನವರು ಪೋಪ್‌ರನ್ನು ಒಪ್ಪದ ಪ್ರಾಟೆಸ್ಟೆಂಟರು. ದೊಡ್ಡ ಪಕ್ಷವೊಂದು ಕ್ಯಾಥೊಲಿಕ್ಕರೊಬ್ಬರನ್ನು ಅಧ್ಯಕ್ಷ ಪದವಿಗೆ ನಿಲ್ಲಿಸಿದ್ದು ಅದೇ ಮೊದಲು. ಎಳೆ ವಯಸ್ಸಿಗೇ ಅಪ್ಪನನ್ನು ಕಳೆದುಕೊಂಡು, ಓದು ಬಿಟ್ಟು, ಮೀನು ಮಾರುಕಟ್ಟೆಯಲ್ಲಿ ದುಡಿದು ಮೇಲೆ ಬಂದವರು. ನಾಲ್ಕು ಸಲ ಗವರ್ನರ್ ಆಗಿ ಗೆದ್ದವರು. ಇಂಥವರ ಕೆಲಸ ನೋಡಬೇಕಿತ್ತು ಅಲ್ವಾ? ಜನ ಅವರ ಚರ್ಚ್ ನೋಡಿದರು.

ಮಾತಿನ ಧಾಟಿಯನ್ನೂ ನೋಡಿದರು. ಆಗ ರೇಡಿಯೋ ಹೊಸದು. ಸ್ಮಿತ್ ಅದನ್ನು ‘ರ‍್ಯಾಡಿಯೋ’ ಅನ್ನುತ್ತಿದ್ದರು, ನ್ಯೂಯಾರ್ಕಿನ ಬಡವರ ಕೇರಿಯ ಉಚ್ಚಾರದಲ್ಲಿ. ದೂರದ ಹಳ್ಳಿಗಳಲ್ಲಿ ಕೇಳಿದ ಎಷ್ಟೋ ಜನಕ್ಕೆ ಇವರು ನಮ್ಮವರಲ್ಲ ಅನ್ನಿಸಿತು. ಮೈಕಿನ ಮುಂದೆ ಕೂತು ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಧಾಟಿ ಕೇಳಿದ ಕೂಡಲೇ ಮನುಷ್ಯರನ್ನು ದೂರ ಇಡುವುದು ನಮ್ಮಲ್ಲೂ ಇದೆ.

ಸೆಪ್ಟೆಂಬರಿನಲ್ಲಿ ಅವರ ರೈಲು ಒಕ್ಲಹೋಮಾಕ್ಕೆ ಬಂದಾಗ ಹಳಿಯ ಪಕ್ಕದಲ್ಲಿ ಶಿಲುಬೆಗಳು ಉರಿಯುತ್ತಿದ್ದವು. ಕರಿಯರನ್ನೂ ಕ್ಯಾಥೊಲಿಕ್ಕರನ್ನೂ ದ್ವೇಷಿಸುತ್ತಿದ್ದ ಬಿಳಿಯರ ಗುಪ್ತ ಸಂಘ ಕು ಕ್ಲಕ್ಸ್ ಕ್ಲಾನ್ ಹಚ್ಚಿದ ಬೆಂಕಿ. ಸ್ಮಿತ್ ಹಿಂದೆ ಸರಿಯಲಿಲ್ಲ. ಒಕ್ಲಹೋಮಾ ಸಿಟಿಯ ಸಭೆಯಲ್ಲೇ ಈ ದ್ವೇಷದ ಬಗ್ಗೆ ನೇರವಾಗಿ ಮಾತಾಡಿದರು.

ಸೋತರು. ಎದುರಾಳಿ, ಆಳುವ ರಿಪಬ್ಲಿಕನ್ ಪಕ್ಷದ ಹರ್ಬರ್ಟ್ ಹೂವರ್‌ಗೆ 444 ಎಲೆಕ್ಟೋರಲ್ ಮತ, ಅಂದರೆ ರಾಜ್ಯವಾರು ಲೆಕ್ಕದಲ್ಲಿ ಸಿಗುವ ಮತ; ಸ್ಮಿತ್‌ಗೆ 87. ಸ್ವಂತ ನ್ಯೂಯಾರ್ಕೂ ಕೈಬಿಟ್ಟಿತು. ಧರ್ಮವೊಂದೇ ಕಾರಣ ಅನ್ನಲಾರೆ. ಜನರ ಕೈಯಲ್ಲಿ ಆಗ ದುಡ್ಡು ಓಡಾಡುತ್ತಿತ್ತು, ಆಳುವ ಪಕ್ಷವನ್ನು ಬದಲಿಸುವ ಮನಸ್ಸಿರಲಿಲ್ಲ. ಪಾನನಿಷೇಧ ಬೇಡ ಅಂದದ್ದಕ್ಕೂ ಸ್ಮಿತ್ ಮೇಲೆ ಸಿಟ್ಟಿತ್ತು.

ಡೆಮಾಕ್ರಟಿಕ್ ಪಕ್ಷ ಸ್ಮಿತ್‌ರನ್ನು ಅಭ್ಯರ್ಥಿಯಾಗಿ ಆರಿಸಿದ್ದು ಟೆಕ್ಸಸ್‌ನ ಹ್ಯೂಸ್ಟನ್ನಿನಲ್ಲಿ. 32 ವರ್ಷಗಳ ಮೇಲೆ, 1960ರ ಸೆಪ್ಟೆಂಬರ್ 12ರಂದು, ಅದೇ ಊರಿನ ಹೋಟೆಲೊಂದರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಇನ್ನೊಬ್ಬ ಕ್ಯಾಥೊಲಿಕ್ ಜಾನ್ ಕೆನಡಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ನಿಂತರು. ಹಳೇ ಅನುಮಾನವೇ: ಪೋಪ್ ಮಾತು ಕೇಳ್ತೀರಾ, ದೇಶದ ಮಾತು ಕೇಳ್ತೀರಾ? ತಾನು ಕ್ಯಾಥೊಲಿಕ್ಕರ ಅಭ್ಯರ್ಥಿಯಲ್ಲ, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಎಂದರು ಕೆನಡಿ. ನವೆಂಬರಿನಲ್ಲಿ ಗೆದ್ದರು. ಸುಮಾರು 7 ಕೋಟಿ ಮತಗಳಲ್ಲಿ ಅಂತರ ಒಂದು ಲಕ್ಷ ಚಿಲ್ಲರೆ.

ಅದನ್ನು ನೋಡಲು ಸ್ಮಿತ್ ಇರಲಿಲ್ಲ. 1944ರಲ್ಲೇ ತೀರಿಕೊಂಡಿದ್ದರು.