ಕಂಪ್ಯೂಟರ್ ಕೆಟ್ಟರೆ ಯಾರ ತಲೆಗೆ?

ನಮಸ್ಕಾರ. ಪರಿತೆವಾಡಿ ಸೊಲ್ಲಾಪುರ ಜಿಲ್ಲೆಯ ಒಂದು ಹಳ್ಳಿ. ಮಹಾರಾಷ್ಟ್ರದ್ದೇ ಆದರೂ ಅಲ್ಲಿನ ಮಕ್ಕಳ ಮನೆಮಾತು ಕನ್ನಡ. 2009ರಲ್ಲಿ ರಣಜಿತ್‌ಸಿಂಹ ಡಿಸಲೆ ಅಲ್ಲಿನ ಜಿಲ್ಲಾ ಪರಿಷತ್ ಶಾಲೆಗೆ ಮೇಷ್ಟ್ರಾಗಿ ಬಂದಾಗ ಕಟ್ಟಡದ ಒಂದು ಮಗ್ಗುಲಿಗೆ ದನದ ಕೊಟ್ಟಿಗೆ, ಇನ್ನೊಂದಕ್ಕೆ ಉಗ್ರಾಣ. ಪಠ್ಯಪುಸ್ತಕವೂ ಮಕ್ಕಳ ಭಾಷೆಯಲ್ಲಿರಲಿಲ್ಲ. ಡಿಸಲೆ ಕನ್ನಡ ಕಲಿತರು. ಪಾಠಗಳನ್ನು ಮಕ್ಕಳ ಮಾತಿಗೆ ತಂದರು. ಪುಸ್ತಕಕ್ಕೆ ಕ್ಯೂಆರ್ ಕೋಡ್ ಸೇರಿಸಿದರು. ಮೊಬೈಲ್ ಹಿಡಿದರೆ ಪದ್ಯ ಕೇಳಿಸುತ್ತದೆ, ಪಾಠದ ವಿಡಿಯೊ ತೆರೆದುಕೊಳ್ಳುತ್ತದೆ. ಆ ರಾಜ್ಯದಲ್ಲಿ ಈ ಪ್ರಯೋಗ ಮಾಡಿದ ಮೊದಲ ಶಾಲೆ ಅದು.

2017ರಲ್ಲಿ ಮಹಾರಾಷ್ಟ್ರ ಸರ್ಕಾರ 1ರಿಂದ 12ನೇ ತರಗತಿಯ ಪುಸ್ತಕಗಳಿಗೆಲ್ಲ ಕೋಡ್ ಹಾಕುವುದಾಗಿ ಸಾರಿತು. ಮರುವರ್ಷ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ಪುಸ್ತಕಗಳ ಸರದಿ. 2020ರಲ್ಲಿ ಡಿಸಲೆಯವರಿಗೆ 10 ಲಕ್ಷ ಡಾಲರ್‌ಗಳ ಗ್ಲೋಬಲ್ ಟೀಚರ್ ಪ್ರೈಸ್ ಬಂತು. ಅರ್ಧ ಹಣವನ್ನು ಅಂತಿಮ ಸುತ್ತಿನ ಉಳಿದ 9 ಶಿಕ್ಷಕರಿಗೆ ಹಂಚಿಬಿಟ್ಟರು.

ಚಪ್ಪಾಳೆ ತಟ್ಟಿ ಎಲ್ಲರೂ ಎದ್ದು ಹೋಗುವುದು ಇಲ್ಲೇ. ಆದರೆ 2022ರಲ್ಲಿ ಏನಾಯಿತು ನೋಡಿ. ಅಮೆರಿಕದಲ್ಲಿ ಓದಲು ಸಿಕ್ಕ ಫುಲ್‌ಬ್ರೈಟ್ ಫೆಲೋಶಿಪ್‌ಗೆಂದು ರಜೆ ಕೇಳಿದರೆ ತಕರಾರು, ಕರ್ತವ್ಯಕ್ಕೆ ಗೈರಾದ ಆರೋಪ, ವಿಚಾರಣೆ. ಜುಲೈ ಹೊತ್ತಿಗೆ ಮೇಷ್ಟ್ರು ರಾಜೀನಾಮೆ ಪತ್ರವನ್ನೇ ಕೊಟ್ಟರು. ಆರೋಪದಲ್ಲಿ ಹುರುಳಿತ್ತೋ ಇಲ್ಲವೋ, ತೀರ್ಪು ಹೇಳಲು ನಾನು ಯಾರೂ ಅಲ್ಲ. ಆದರೆ ಸುದ್ದಿ ಓದಿದ ಬೇರೆ ಮೇಷ್ಟ್ರುಗಳು ಏನಂದುಕೊಂಡಿರುತ್ತಾರೆ? ಜಗತ್ತಿನ ಬಹುಮಾನ ಗೆದ್ದವರಿಗೇ ಹೀಗಾದರೆ ನಮ್ಮ ಪಾಡೇನು ಎಂದಲ್ಲವೇ?

ನಮ್ಮ ಕಡೆಯ ಎಷ್ಟೋ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕೋಣೆಗೆ ಬೀಗ ಬಿದ್ದಿರುವುದು ಇದೇ ಅಂಜಿಕೆಯಿಂದ. ಒಳಗೆ ಮಾನಿಟರ್‌ಗಳು ಬಂದ ದಿನದ ಪ್ಲಾಸ್ಟಿಕ್ ಹೊದ್ದು ಕೂತಿರುತ್ತವೆ, ಯುಪಿಎಸ್ ಬ್ಯಾಟರಿ ಎಂದೋ ಸತ್ತಿರುತ್ತದೆ. ಮೇಷ್ಟ್ರು ಸೋಮಾರಿ ಎಂದು ಊರವರು ಬೈಯುತ್ತಾರೆ. ಸ್ಟಾಕ್ ರಿಜಿಸ್ಟರ್ ನೋಡಿದವರು ಬೈಯಲಾರರು. ಪ್ರತಿ ಕೀಬೋರ್ಡ್, ಪ್ರತಿ ಮೌಸ್ ಮುಖ್ಯ ಶಿಕ್ಷಕರ ಸಹಿಯ ಮೇಲೆ ನಿಂತಿರುತ್ತದೆ. ಮಗುವಿನ ಕೈಗೆ ಕೊಟ್ಟು ಮುರಿದರೆ ವಿವರಣೆ ಬರೆಯಬೇಕು, ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೆ ಉತ್ತರಿಸಬೇಕು, ನಿವೃತ್ತಿಯ ಹೊತ್ತಿಗೆ ಬಾಕಿ ಉಳಿಯದಂತೆ ತೀರಿಸಬೇಕು. ಬೀಗ ಹಾಕಿಟ್ಟರೆ ಕೇಳುವವರಿಲ್ಲ. ಬಳಸದೆ ಹಾಳು ಮಾಡಿದ್ದಕ್ಕೆ ಯಾರಿಗಾದರೂ ನೋಟಿಸ್ ಹೋಗಿದ್ದನ್ನು ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ಹೀಗಿರುವಾಗ ತರಬೇತಿ ಶಿಬಿರದಲ್ಲಿ ‘ಶಿಕ್ಷಕರು ಧೈರ್ಯ ಮಾಡಬೇಕು’ ಎಂದು ಭಾಷಣ ಬಿಗಿಯುವುದು ಸುಲಭ. ಧೈರ್ಯದ ಖರ್ಚು ಇಲಾಖೆಯೂ ಹೊರಲಿ. ಶಾಲೆಗೆ ಹತ್ತು ಕಂಪ್ಯೂಟರ್ ಬಂದರೆ ವರ್ಷಕ್ಕೊಂದು ಕೆಡುತ್ತದೆ ಎಂದೇ ಮೊದಲೇ ಬರೆದಿಟ್ಟು ಹಣ ತೆಗೆದಿಡಲಿ. ಪಾಠ ಮಾಡುವಾಗ ಕೆಟ್ಟದ್ದಕ್ಕೆ ಮೇಷ್ಟ್ರು ಹೊಣೆಯಲ್ಲ ಎಂದು ಸುತ್ತೋಲೆ ಹೊರಡಿಸಲಿ. ಪ್ರಯೋಗ ಮಾಡುವವರನ್ನು ಒಂದೆರಡು ವರ್ಷ ವರ್ಗಾವಣೆ ಮಾಡದಿರಲಿ. ಒಂದೊಂದು ಪ್ರಯೋಗ ಸೋಲುತ್ತದೆ, ಸೋಲಲಿ.

ನಿಮ್ಮೂರ ಶಾಲೆಗೆ ಸ್ಮಾರ್ಟ್ ಕ್ಲಾಸ್ ಉದ್ಘಾಟನೆಗೆ ಶಾಸಕರು ಬಂದರೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ, ರಿಬ್ಬನ್ ಕತ್ತರಿಸುವ ಮುಂಚೆಯೇ ಕೇಳಿಬಿಡಿ: ಇದು ಕೆಟ್ಟರೆ ರಿಪೇರಿ ದುಡ್ಡು ಯಾವ ಲೆಕ್ಕದಿಂದ ಬರುತ್ತದೆ, ಸ್ವಾಮಿ?