ಮೊದಲು ಅವನಿಗೇ ಹೇಳಿದ್ರಾ?

ಎಲ್ಲರಿಗೂ ದೇವರಿಗೆ ಸ್ತೋತ್ರ.

"ಬ್ರದರ್, ಯಾರಿಗೂ ಹೇಳ್ಬೇಡಿ. ಸುಮ್ನೆ ಪ್ರಾರ್ಥನೆಗೋಸ್ಕರ ಹೇಳ್ತಿದೀನಿ." ಸಭೆಗೆ, ಅಂದರೆ ಚರ್ಚಿಗೆ, ಹೋಗುವವರೆಲ್ಲ ಈ ಮಾತು ಕೇಳಿಯೇ ಇರುತ್ತೀರಿ. ಇದರ ಹಿಂದೆಯೇ ಒಂದು ಹೆಸರು ಬರುತ್ತದೆ. ಆಮೇಲೆ ಅವರ ಮನೆಯ ವಿಷಯ. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಒಬ್ಬರ ಕಿವಿಗೆ ಬಿದ್ದದ್ದು ಭಾನುವಾರದ ಆರಾಧನೆ ಹೊತ್ತಿಗೆ ಇಡೀ ಸಭೆಗೆ ಗೊತ್ತು. ಗೊತ್ತಿಲ್ಲದವನು ಒಬ್ಬನೇ. ಯಾರ ಬಗ್ಗೆ ಮಾತೋ, ಅವನು.

ಮತ್ತಾಯ 18ರಲ್ಲಿ ಯೇಸು ಹೇಳಿದ ಕ್ರಮ ನಮಗೆಲ್ಲ ಬಾಯಿಪಾಠ. ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನೊಬ್ಬನಿಗೇ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ನಾವು ಮಾಡುವುದು ಪೂರ್ತಿ ಉಲ್ಟಾ. ಮೊದಲು ಸಭೆ, ಆಮೇಲೆ ಒಬ್ಬಿಬ್ಬರು, ಕೊನೆಗೆ ಅವನು. ಎಷ್ಟೋ ಸಲ ಅವನ ಸರದಿ ಬರುವುದೇ ಇಲ್ಲ. ಅವನಿಗೆ ಮುಟ್ಟಲಿ ಅಂತ ವಾಟ್ಸಾಪ್ ಸ್ಟೇಟಸ್‌ಗೆ ಒಂದು ವಚನ ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಅದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಮುಟ್ಟುತ್ತದೆ!

ಇನ್ನೊಂದು ಕಡೆ, ತಪ್ಪು ತೋರಿಸಲು ಹೋದರೆ ಸಿಗುವ ಉತ್ತರ ಒಂದೇ. "ತೀರ್ಪು ಮಾಡಬೇಡಿ ಅಂತ ಬೈಬಲೇ ಹೇಳುತ್ತೆ." ಸರಿ, ಹೇಳುತ್ತದೆ. ಆದರೆ ಮತ್ತಾಯ 7ನೇ ಅಧ್ಯಾಯ ಮೊದಲ ವಚನಕ್ಕೇ ನಿಲ್ಲುವುದಿಲ್ಲ. ಐದನೇ ವಚನದವರೆಗೂ ಓದಿ. ಮೊದಲು ನಿನ್ನ ಕಣ್ಣಿನ ತೊಲೆ ತೆಗೆದುಹಾಕು, ಆಗ ಸಹೋದರನ ಕಣ್ಣಿನ ರವೆ ತೆಗೆಯಲು ನಿನಗೆ ಚೆನ್ನಾಗಿ ಕಾಣುತ್ತದೆ ಅನ್ನುತ್ತಾರೆ ಯೇಸು. ರವೆಯನ್ನು ಹಾಗೇ ಬಿಡು ಅಂತ ಎಲ್ಲೂ ಹೇಳಿಲ್ಲ.

ಹಾಗಾದರೆ ತೀರ್ಪು ಮಾಡುವುದು ಅಂದರೆ ಯಾವುದು? ತಪ್ಪು ಕಾಣುವುದಲ್ಲ. ಕಂಡದ್ದಕ್ಕೆ ಕಾರಣವನ್ನೂ ನಾವೇ ಕಟ್ಟಿಬಿಡುವುದು. ಒಬ್ಬ ಹುಡುಗ ನಾಲ್ಕು ಭಾನುವಾರ ಆರಾಧನೆಗೆ ಬರಲಿಲ್ಲ ಅನ್ನಿ. "ನಂಬಿಕೆಯಿಂದ ಹಿಂಜಾರಿಬಿಟ್ಟಿದ್ದಾನೆ" ಅಂತ ಹೇಳಿ ಮುಗಿಸುತ್ತೇವೆ. ನೈಟ್ ಶಿಫ್ಟ್ ಹಾಕಿರಬಹುದು. ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿರಬಹುದು. ಅಥವಾ ನಿಜಕ್ಕೂ ಹಿಂಜಾರಿರಬಹುದು. ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ, ಅಲ್ವಾ?

ಇನ್ನು ಕೆಲವು ವಿಷಯ ತಿದ್ದುವುದಕ್ಕೆ ಸೇರಿದ್ದೇ ಅಲ್ಲ. ಮಲ್ಲಿಗೆ ಮುಡಿದು ಬಂದ ಹೆಣ್ಣುಮಗಳನ್ನು ಸಭೆಯ ಬಾಗಿಲಲ್ಲೇ ನಿಲ್ಲಿಸಿ ಬುದ್ಧಿ ಹೇಳುವ ಅಕ್ಕಂದಿರಿದ್ದಾರೆ. ಬಳೆ, ಓಲೆ, ಹೂವು. ಒಂದು ಸಭೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳದ ವಿಷಯಕ್ಕೆ ಇನ್ನೊಂದು ಸಭೆಯಲ್ಲಿ ಪಶ್ಚಾತ್ತಾಪ ಪಡಬೇಕು. ರೋಮಾಪುರದ ಸಭೆಯಲ್ಲೂ ಊಟದ ವಿಷಯಕ್ಕೆ, ದಿನ ಆಚರಿಸುವ ವಿಷಯಕ್ಕೆ ಇದೇ ಜಗಳವಿತ್ತು. ಬೇರೊಬ್ಬನ ಮನೆಯ ಆಳಿನ ಬಗ್ಗೆ ತೀರ್ಪು ಹೇಳಲು ನೀನು ಯಾರು ಅಂತ ಅಪೊಸ್ತಲ ಪೌಲ ಅವರಿಗೆ ಬರೆದ ಪತ್ರದಲ್ಲಿ ನೇರವಾಗಿ ಕೇಳುತ್ತಾನೆ.

ತಿದ್ದುವುದು ಹೇಗೆ ಅಂತ ಕೇಳಿದರೆ ನಾನು ತೋರಿಸುವುದು ಅಪೊಸ್ತಲರ ಕೃತ್ಯಗಳು 18ನ್ನು. ಅಪೊಲ್ಲೋಸ ಅಲೆಕ್ಸಾಂದ್ರಿಯದವನು. ಒಳ್ಳೆಯ ಮಾತುಗಾರ, ಶಾಸ್ತ್ರ ಚೆನ್ನಾಗಿ ಓದಿಕೊಂಡವನು. ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಬೋಧಿಸುತ್ತಿದ್ದ. ಆದರೆ ಅವನಿಗೆ ಗೊತ್ತಿದ್ದದ್ದು ಯೇಸುವಿಗಿಂತ ಮೊದಲು ಬೋಧಿಸಿದ ಯೋಹಾನನ ಪಶ್ಚಾತ್ತಾಪದ ದೀಕ್ಷಾಸ್ನಾನ ಮಾತ್ರ. ಕೇಳುತ್ತಾ ಕೂತಿದ್ದ ಪ್ರಿಸ್ಕಿಲ್ಲ, ಅಕ್ವಿಲರಿಗೆ ಎಲ್ಲಿ ಕೊರತೆ ಅಂತ ತಿಳಿಯಿತು. ಇವರು ಗುಡಾರ ಮಾಡುವ ದಂಪತಿ. ಎದ್ದು ನಿಂತು ತಡೆಯಲಿಲ್ಲ. ಅವನನ್ನು ತಮ್ಮ ಜೊತೆ ಕರೆದುಕೊಂಡು ಹೋಗಿ, ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಅಷ್ಟು ದೊಡ್ಡ ಬೋಧಕನೂ ಕೇಳಿಸಿಕೊಂಡ. ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ವಚನ. ಅಪೊಲ್ಲೋಸ ಗ್ರೀಸ್‌ನ ಅಖಾಯ ಪ್ರಾಂತಕ್ಕೆ ಹೊರಟಾಗ ಸಹೋದರರು ಅವನಿಗೆ ಉತ್ತೇಜನ ಕೊಟ್ಟು, ಅವನನ್ನು ಸೇರಿಸಿಕೊಳ್ಳಿ ಅಂತ ಅಲ್ಲಿನ ಶಿಷ್ಯರಿಗೆ ಪತ್ರ ಬರೆದರು. "ಇವನಿಗೆ ಮೊದಲು ಏನೂ ಗೊತ್ತಿರಲಿಲ್ಲ, ನಾವೇ ಹೇಳಿಕೊಟ್ಟಿದ್ದು" ಅಂತ ಆ ದಂಪತಿ ಹೇಳಿಕೊಂಡು ತಿರುಗಿದ್ದು ಎಲ್ಲೂ ಇಲ್ಲ.

ಎಲ್ಲವನ್ನೂ ಗುಟ್ಟಾಗಿಯೇ ಹೇಳಬೇಕು ಅಂತಲೂ ಅಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ (ಯೆಹೂದ್ಯರಲ್ಲದ ವಿಶ್ವಾಸಿಗಳ) ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಾಗ ಪೌಲ ಎಲ್ಲರ ಮುಂದೆಯೇ ಕೇಳಿದ. ಪೇತ್ರ ಮಾಡಿದ್ದು ಎಲ್ಲರ ಮುಂದೆ, ಪೌಲನ ಜೊತೆಗಾರ ಬಾರ್ನಬನಂಥವನೂ ಅದರಲ್ಲಿ ಸೇರಿಕೊಂಡಿದ್ದ. ಇನ್ನು ಮಗುವಿನ ಮೇಲೆ ಯಾರಾದರೂ ಕೈ ಹಾಕಿದರೆ ಮತ್ತಾಯ 18ರ ಹೆಸರಲ್ಲಿ ಒಳಗೊಳಗೇ ಮುಗಿಸಲು ಹೋಗಬೇಡಿ. ಅದು ಪೊಲೀಸರಿಗೆ ಹೋಗಬೇಕಾದ ವಿಷಯ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಆರೋಪ ಸಭಾಪಾಲಕರ ಮೇಲಿದ್ದರೂ ಅಷ್ಟೇ.

ಉಳಿದ ವಿಷಯಗಳಿಗೆ ಬರೋಣ. ಒಬ್ಬರೇ ಹೋಗಿ ಹೇಳಿದಿರಿ, ಅವನು ಕೇಳಲಿಲ್ಲ. ಈಗ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಯಾರನ್ನು? ನಿಮ್ಮ ಮಾತಿಗೆ ತಲೆಯಾಡಿಸುವವರನ್ನಲ್ಲ. ಅವನ ಮನೆಯಲ್ಲಿ ಊಟ ಮಾಡಿದವರನ್ನು, ಅವನ ಕಷ್ಟಕ್ಕೆ ಆದವರನ್ನು ಕರೆಯಿರಿ. ಅವರು ಎರಡೂ ಕಡೆ ಕೇಳಿ, ನಿಮ್ಮ ಕಡೆ ತಿರುಗಿ "ಬ್ರದರ್, ಈ ವಿಷಯದಲ್ಲಿ ತಪ್ಪು ನಿಮ್ದೇ" ಅನ್ನಬಹುದು. ಅದಕ್ಕೂ ತಯಾರಾಗಿಯೇ ಹೊರಡಿ.